ಉಪ್ಪಿನ ಡಬ್ಬಿ ಮತ್ತು ಬೀಜಿಂಗ್

ಬೀಜಿಂಗ್ ಎಂಬ ಊರಿನ ಬಗ್ಗೆ ನನಗೆ ಗೊತ್ತಿರುವಷ್ಟು ಸಂಗತಿ ಒಬ್ಬ ಹೋಟೆಲಿನವರ ಮಗಳಿಗೆ, ಮುಂದೆ ಇನ್ನೊಬ್ಬ ಹೋಟೆಲಿನವರ ಹೆಂಡತಿಯಾದವಳಿಗೆ ಗೊತ್ತಿರಬೇಕಾದ ಯಾವ ಕಾರಣವೂ ಇಲ್ಲ. ನಾನು ಚೀನಾ ನೋಡಿದವಳಲ್ಲ. ನನಗೆ ಹೇಳಿಕೊಟ್ಟವರೂ ನೋಡಿರಲಿಲ್ಲ. ಅವರು ಜಮಖಂಡಿಯಲ್ಲಿ ಹುಟ್ಟಿದರು, ಮದುವೆಯಾಗಿ ಔರಂಗಾಬಾದಿಗೆ ಬಂದರು, ಅಲ್ಲಿಂದ ಎಲ್ಲಿಗೂ ಹೋಗದೆ ಕಳೆದ ಚಳಿಗಾಲ ಛತ್ರಪತಿ ಸಂಭಾಜಿನಗರದಲ್ಲಿ ತೀರಿಕೊಂಡರು. ಮನೆ ಬದಲಿಸದೆಯೇ ಊರು ಬದಲಾಗುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಅವರನ್ನು ಗಲ್ಲಿಯವರೆಲ್ಲ ‘ಬಾಯಿ’ ಎನ್ನುತ್ತಿದ್ದರು. ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯನ್ನು ಹಾಗೆ ಕರೆಯುವುದು ಪದ್ಧತಿ. ಕನ್ನಡ ಬಲ್ಲ ನಮ್ಮಂಥವರಿಗೆ ಆ ಹೆಸರು ಇನ್ನೊಂದು ರೀತಿಯಲ್ಲೂ ಸರಿಯಾಗಿ ಕೂತಿದೆ ಅನ್ನಿಸುತ್ತಿತ್ತು, ಅದನ್ನು ನಾವು ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. ನಮ್ಮಪ್ಪ ಕುಂದಾಪುರದ ಕಡೆಯಿಂದ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ಹಾಕಿದ್ದರು. ಹೋಟೆಲಿನ ಮೇಲೆ ನಮ್ಮ ಮನೆ, ಎದುರು ಬಾಗಿಲು ಬಾಯಿಯದು. ಆ ಮನೆಯಲ್ಲಿ ಅವರ ಯಜಮಾನರು, ಇಬ್ಬರು ಗಂಡು ಮಕ್ಕಳು, ಅತ್ತೆ. ಮನೆಯೊಳಗೆಲ್ಲ ಮರಾಠಿ. ಕನ್ನಡ ಆಡಬೇಕೆನಿಸಿದಾಗ ಬಾಯಿ ಚಪ್ಪಲಿ ಮೆಟ್ಟಿ ಕೆಳಗಿಳಿದು ನಮ್ಮ ಹೋಟೆಲಿಗೆ ಬರುತ್ತಿದ್ದರು, ಒಂದು ಚಹಾ ತರಿಸಿಕೊಂಡು ಮೂಲೆಯ ಮೇಜು ಹಿಡಿಯುತ್ತಿದ್ದರು.

ಶಾಲೆಯಲ್ಲಿ ಅವರು ಕಲಿಸುತ್ತಿದ್ದದ್ದು ಭೂಗೋಳ. ಕೊಂಕಣದ ಮಳೆಯಿಂದ ಶುರುವಾದ ಪಾಠವಿರಲಿ, ಕಪ್ಪು ಮಣ್ಣಿನಿಂದ ಶುರುವಾದ ಪಾಠವಿರಲಿ, ಗಂಟೆ ಬಾರಿಸುವ ಹೊತ್ತಿಗೆ ಬೀಜಿಂಗ್ ತಲುಪಿರುತ್ತಿತ್ತು ಎಂದು ಅವರ ಕೈಯಲ್ಲಿ ಕಲಿತವರು ಈಗಲೂ ಹೇಳುತ್ತಾರೆ. ನಮ್ಮ ಮೂಲೆಯ ಮೇಜಿನಲ್ಲೂ ಅದೇ ಪಾಠ ನಡೆಯುತ್ತಿತ್ತು. ಮೇಜಿನ ಮೇಲಿನ ಉಪ್ಪಿನ ಡಬ್ಬಿ ಊರು, ನೀರಿನ ಲೋಟಗಳು ರಾಜರು.

“ಉತ್ತರದಿಂದ ಒಬ್ಬಾಂವ ಬಂದ, ನೋಡವಾ,” ಎಂದು ಒಂದು ಲೋಟವನ್ನು ಡಬ್ಬಿಯ ಆಚೆ ಇಡುವರು. “ಅವಗ ಈ ಊರು ದಕ್ಷಿಣಕ್ಕ ಬಂತು. ‘ದಕ್ಷಿಣದ ರಾಜಧಾನಿ’ ಅಂತ ಹೆಸರಿಟ್ಟ. ಅವನ್ನ ಓಡಿಸಿ ಇನ್ನೊಬ್ಬ ಬಂದ. ಅವಗ ಇದು ನಟ್ಟ ನಡುವ, ‘ನಡುವಿನ ರಾಜಧಾನಿ’ ಅಂದ. ಆಮ್ಯಾಲೆ ಮಂಗೋಲರು ಬಂದ್ರು, ‘ದೊಡ್ಡ ರಾಜಧಾನಿ’ ಅಂದ್ರು. ಅದಾದ ಮ್ಯಾಲೆ ದಕ್ಷಿಣದವರು ಬಂದ್ರು, ಅವರಿಗೆ ಇದು ಉತ್ತರಕ್ಕ. ‘ಉತ್ತರದ ರಾಜಧಾನಿ’ ಅಂದ್ರು. ಅದ ಈ ಬೀಜಿಂಗ್. ಇಷ್ಟೆಲ್ಲಾ ಲೋಟ ತಿರುಗ್ಯಾಡಿದ್ವು. ಉಪ್ಪಿನ ಡಬ್ಬಿ ಏನರ ಅಳ್ಳಾಡಿತೇನು?”

ಅಷ್ಟರಲ್ಲಿ ಪಕ್ಕದ ಮೇಜಿನವರು ಉಪ್ಪು ಕೇಳಿ ಡಬ್ಬಿಯನ್ನು ಎತ್ತಿಕೊಂಡು ಹೋಗುತ್ತಿದ್ದದ್ದೂ ಉಂಟು. ಬಾಯಿ ಅದು ವಾಪಸು ಬರುವ ತನಕ ಪಾಠ ನಿಲ್ಲಿಸಿ ಕಾಯುತ್ತಿದ್ದರು.

ಪಾಠದ ಎರಡನೆಯ ಭಾಗ ಅವರಿಗೆ ಇನ್ನೂ ಪ್ರೀತಿಯದು. “ನಡುವ ಒಂದಷ್ಟು ವರ್ಷ ರಾಜಧಾನಿ ಕೆಳಗ ನಾನ್‌ಜಿಂಗಿಗೆ ಹೋತು. ಆಗ ಇದರ ಹೆಸರಿನ್ಯಾಗಿನ ರಾಜಧಾನಿ ಕಿತ್ತು ಹಾಕಿ ‘ಉತ್ತರದ ಶಾಂತಿ’ ಅಂತ ಮಾಡಿದ್ರು. ಅಧಿಕಾರ ಕಸಗೊಂಡು ಶಾಂತಿ ಕೊಟ್ರು. ನಮ್ಮ ಅತ್ತೀಗೂ ಹಂಗ ಮಾಡಬೇಕಂತ ಭಾಳ ದಿವಸದಿಂದ ನೋಡ್ಲಿಕತ್ತೀನಿ, ಆಗವಲ್ತು.” ಇಷ್ಟು ಹೇಳಿ ಚಾವಣಿಯ ಕಡೆ ನೋಡುತ್ತಿದ್ದರು. ಚಾವಣಿಯ ಮೇಲೆಯೇ ಅತ್ತೆಯ ಕೋಣೆ ಇತ್ತು.

ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ಚಹಾ ಆರಿರುತ್ತಿತ್ತು. ಬೀಜಿಂಗ್ ಎಂದು ಬರೆಯುವ ಅಕ್ಷರ ಎರಡೇ, ಅವೇ ಎರಡನ್ನು ಚೀನಾದವರು ಒಂದು ಬಗೆ ಓದುತ್ತಾರೆ, ಕೊರಿಯಾದವರು ಬುಕ್‌ಗ್ಯಾಂಗ್ ಎಂದು ಓದುತ್ತಿದ್ದರು, ವಿಯೆಟ್ನಾಮಿನವರು ಬಾಕ್ ಕಿನ್ ಎನ್ನುತ್ತಾರೆ, ಜಪಾನಿನವರ ಬಾಯಲ್ಲಿ ಅದು ಪೆಕಿನ್. ಟೋಕಿಯೋ ಎಂದರೆ ಪೂರ್ವದ ರಾಜಧಾನಿ, ಹನೋಯ್‌ಗೂ ಒಂದು ಕಾಲದಲ್ಲಿ ಟೋಕಿಯೋದ ಆ ಎರಡು ಅಕ್ಷರಗಳದೇ ಹೆಸರಿತ್ತು. “ಎಲ್ಲಾ ತಮ್ಮ ತಮ್ಮ ಬಾಯಾಗ ಕರದ್ರು. ಆ ಊರಿಗೆ ಮಾತ್ರ ಯಾರೂ ಕೇಳಲಿಲ್ಲ, ನಿನಗ ಏನಂತ ಕರೀಬೇಕು ಅಂತ.” ಇದನ್ನು ಹೇಳುವಾಗ ಮಾತ್ರ ಅವರು ನಗುತ್ತಿರಲಿಲ್ಲ. ನಾವು ಆ ವಯಸ್ಸಿನಲ್ಲಿ ಅದನ್ನು ಗಮನಿಸುವವರಲ್ಲ.

ಒಮ್ಮೆ ಅಪ್ಪ ಹೋಟೆಲಿನಲ್ಲಿ ಚೈನೀಸ್ ಶುರುಮಾಡಿ ಮೆನುವಿನಲ್ಲಿ ‘ಪೀಕಿಂಗ್ ರೈಸ್’ ಎಂದು ಹಾಕಿಸಿದರು. ಬಾಯಿ ಅದನ್ನು ಓದಿ ನೇರವಾಗಿ ಗಲ್ಲಾಪೆಟ್ಟಿಗೆಯ ಹತ್ತಿರ ಬಂದರು. ಹೆಸರು ಹಳೆಯದಾಯಿತು, ಬದಲಿಸಬೇಕು, ಅದಿರಲಿ, ಈ ಅನ್ನಕ್ಕೂ ಆ ಊರಿಗೂ ಏನು ಸಂಬಂಧ ಎಂದು ಕೇಳಿದರು.

ಅಪ್ಪ ಚಿಲ್ಲರೆ ಕೊಡುತ್ತಲೇ, “ಅದ್ ನಿನ್ನಿ ಅನ್ನ ಮಾರಾಯ್ರೆ. ಇವತ್ತಿಗೆ ಅದ್ರ ಹೆಸ್ರ್ ಪೀಕಿಂಗ್ ರೈಸ್,” ಎಂದರು.

ಬಾಯಿ ಅಲ್ಲೇ ಕುರ್ಚಿಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಇಡೀ ಪಾಠವನ್ನು ಹೋಟೆಲಿನವರು ಒಂದು ಮಾತಿನಲ್ಲಿ ಮುಗಿಸಿಬಿಟ್ಟರು ಎಂದು ಮುಂದೆ ಎಷ್ಟೋ ಜನರಿಗೆ ಹೇಳಿದರು. ಪಾಠವನ್ನು ಮಾತ್ರ ಚಿಕ್ಕದು ಮಾಡಲಿಲ್ಲ.

ಅವರದೊಂದು ಅಭ್ಯಾಸವಿತ್ತು. ಅವರ ಯಜಮಾನರೋ ಅತ್ತೆಯೋ ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೆ ತಿರುಗುತ್ತಿರಲಿಲ್ಲ. ಎರಡನೆಯ ಸಲ ಕರೆದರೆ, ನಿದ್ದೆಯಿಂದ ಎದ್ದವರಂತೆ “ಆಂ?” ಎನ್ನುವರು. ಕಿವಿ ಸ್ವಲ್ಪ ಮಂದ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದರು. ಆದರೆ ಬೀದಿಯ ಆ ತುದಿಯಿಂದ ಯಾರಾದರೂ ಹುಡುಗರು “ಬಾಯೀ” ಎಂದರೆ ಸಾಕು, ತಟ್ಟನೆ ತಿರುಗುತ್ತಿದ್ದರು. ಇನ್ನೊಂದು ಅಭ್ಯಾಸವೆಂದರೆ, ತರಗತಿಗೆ ಹೊಸಬರು ಬಂದರೆ ಹಾಜರಿ ಹಾಕುವ ಮೊದಲು “ನಿನಗ ಏನಂತ ಕರೀಲಿ?” ಎಂದು ಆ ಮಗುವಿನ ಭಾಷೆಯಲ್ಲೇ ಕೇಳುವುದು. ಮಗು ಏನು ಹೇಳಿತೋ ಅದೇ. ಚಿಂಟೂ, ಪಿಂಕಿ ಎಂದು ಮನೆಯವರು ಕರೆದರೂ, ಮಗು ತನ್ನ ಪೂರ್ತಿ ಹೆಸರು ಹೇಳಿದ್ದರೆ ಬಾಯಿ ಅದನ್ನು ಪೂರ್ತಿಯಾಗಿಯೇ ಕರೆಯುತ್ತಿದ್ದರು. ನನ್ನ ಹೆಸರಿನ ಒಂದು ಅಕ್ಷರವನ್ನೂ ಅವರು ಎಂದೂ ನುಂಗಲಿಲ್ಲ.

ಈ ಎರಡು ಅಭ್ಯಾಸಗಳ ಮೂಲ ನನಗೆ ತಿಳಿದದ್ದು ನನ್ನ ಮದುವೆಯಲ್ಲಿ. ನಾಸಿಕದಲ್ಲಿ ಹೆದ್ದಾರಿಯ ಪಕ್ಕ ಹೋಟೆಲು ನಡೆಸುವ ನಮ್ಮದೇ ಕಡೆಯವರ ಮನೆಗೆ ನನ್ನನ್ನು ಕೊಟ್ಟರು. ಬಾಯಿ ಬಂದಿದ್ದರು. ಊಟವಾದ ಮೇಲೆ ನನ್ನ ಪಕ್ಕ ಕೂತು, “ನಿನಗೇನ ಹೆಸರಿಟ್ರು?” ಎಂದು ಮೆಲ್ಲಗೆ ಕೇಳಿದರು.

“ನಮ್ಮಲ್ಲಿ ಹಾಗೆಲ್ಲ ಇಲ್ಲ ಬಾಯಿ. ಹಳೇದೇ.”

“ಹಳೇದ ಇಟಗೊಂಡ್ರ?” ಎಂದು ಬಾಯಿ ನನ್ನನ್ನು ಹೊಟ್ಟೆಕಿಚ್ಚಿನಿಂದ ನೋಡಿದರು. ಹೊಟ್ಟೆಕಿಚ್ಚೇ ಅದು, ಬೇರೆ ಪದ ಹಾಕಿ ಮೆತ್ತಗೆ ಮಾಡುವುದಿಲ್ಲ. ಆಮೇಲೆ ತಮ್ಮ ಮದುವೆಯ ಕಥೆ ಹೇಳಿದರು. ಇಲ್ಲಿಯ ಅನೇಕ ಮನೆಗಳಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಗಂಡು ಉಂಗುರದಿಂದ ಅದರ ಮೇಲೆ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಆಮೇಲೆ ಎಲ್ಲರಿಗೂ ಸಕ್ಕರೆ ಹಂಚುತ್ತಾರೆ.

“ತಾಟು ನನ್ನ ಮುಂದ ಹಿಡದು, ಓದು ಅಂದ್ರು. ನಾ ಕನ್ನಡ ಸಾಲ್ಯಾಗ ಓದಿದಾಕಿ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಸೊಸಿಗೆ ಮರಾಠಿ ಬರ್ತದ ಅಂತ ಎಲ್ಲಾರೂ ಚಪ್ಪಾಳಿ ಹೊಡದ್ರು. ನನಗ ಅದು ಯಾರ ಹೆಸರು ಅಂತನ ತಿಳೀಲಿಲ್ಲ. ಅಷ್ಟರಾಗ ಸಕ್ರಿ ಬಾಯಾಗ ಹಾಕಿಬಿಟ್ರು.”

“ಮೊದಲಿನ ಹೆಸರೇನಿತ್ತು ಬಾಯಿ?”

“ಅದು ರಾಜಧಾನಿ ಇದ್ದಾಗಿನ ಮಾತು,” ಎಂದು ಎದ್ದು ಹೋಗಿ ಇನ್ನೊಂದು ಜಿಲೇಬಿ ಹಾಕಿಸಿಕೊಂಡರು.

ಆ ಮನೆಯವರನ್ನು ದೂರುವಂತಿಲ್ಲ. ಯಜಮಾನರು ಸಾಧು ಮನುಷ್ಯ. ಬಾಯಿ ಮುಂದೆ ಓದಿ ಶಿಕ್ಷಕಿಯಾಗಲು ಅವರೇ ಕಾರಣ. ಹೆಸರಿನ ವಿಷಯದಲ್ಲಿ ಅವರಿಗೆ ತಾವು ಏನೋ ತೆಗೆದುಕೊಂಡಿದ್ದೇವೆ ಎಂಬ ಕಲ್ಪನೆಯೇ ಇರಲಿಲ್ಲ. ಕೊಟ್ಟಿದ್ದೇವೆ ಎಂದೇ ಅಂದುಕೊಂಡಿದ್ದರು. ಚೆನ್ನಾಗಿರುವ ಹೆಸರನ್ನೇ ಆರಿಸಿದ್ದರು ಕೂಡ.

ಊರಿನ ಹೆಸರು ಬದಲಾಗುವ ಕಾಲ ಬಂತಲ್ಲ, ಆಗ ಬಾಯಿಗೆ ಒಳ್ಳೆಯ ಬೇಡಿಕೆ. ನಾನು ತವರಿಗೆ ಹೋಗಿದ್ದ ಒಂದು ಸಂಜೆ ಗಲ್ಲಿಯ ಇಬ್ಬರು ಹಿರಿಯರು ನಮ್ಮ ಹೋಟೆಲಿನಲ್ಲಿ ಅದೇ ವಿಷಯಕ್ಕೆ ಜಟಾಪಟಿ ಮಾಡುತ್ತಿದ್ದರು. ಒಬ್ಬರು ಹೊಸ ಹೆಸರಿನ ಕಡೆ, ಇನ್ನೊಬ್ಬರು ಹಳೆಯ ಹೆಸರಿನ ಕಡೆ. ಬಾಯಿಯೇ ತೀರ್ಪು ಹೇಳಲಿ ಎಂದರು. ಬಾಯಿ ಉಪ್ಪಿನ ಡಬ್ಬಿ ಎಳೆದುಕೊಂಡರು. ಲೋಟಗಳೆಲ್ಲ ಒಂದು ಸುತ್ತು ತಿರುಗಿ, ಬುಕ್‌ಗ್ಯಾಂಗ್ ಬಾಕ್ ಕಿನ್ ಎಲ್ಲ ಮುಗಿದು, ಕೊನೆಗೆ ಈ ಊರಿಗೇ ಮೊದಲು ಖಡಕಿ ಅಂತ ಹೆಸರಿತ್ತು ಎಂಬಲ್ಲಿಗೆ ನಿಂತಿತು. “ಕೇಳಿದ್ರಲ್ಲ, ಬಾಯಿ ನನ್ನ ಕಡೆ,” ಎಂದು ಇಬ್ಬರೂ ಒಟ್ಟಿಗೆ ಎದ್ದರು. ಒಬ್ಬರು ಇನ್ನೊಬ್ಬರ ಚಹಾದ ದುಡ್ಡನ್ನೂ ಕೊಟ್ಟು ಹೋದರು. ಹೋಟೆಲಿನ ಬೋರ್ಡು ಬದಲಿಸುವ ಚಿಂತೆಯಲ್ಲಿದ್ದ ನನ್ನ ತಮ್ಮ ಏನು ಬರೆಸಲಿ ಎಂದು ಕೇಳಿದ. “ಬಸ್ ಸ್ಟ್ಯಾಂಡ್ ಬಾಜೂಕ ಅಂತ ಬರಸು. ಅದನ್ನ ಯಾರೂ ಬದಲಿ ಮಾಡೂದಿಲ್ಲ,” ಎಂದರು ಬಾಯಿ.

ನನ್ನನ್ನೂ ಬಿಡಲಿಲ್ಲ. “ನಿಮ್ಮ ನಾಸಿಕಕ್ಕೂ ಒಂದ ಕಾಲಕ್ಕ ಗುಲ್ಶನಾಬಾದ ಅಂತಿದ್ರಂತ. ಹೂದೋಟದ ಊರು. ಈಗ ನೀ ಬಂದ್ರ ಲಾಸಲಗಾಂವದ ಉಳ್ಳಾಗಡ್ಡಿ ವಾಸನಿ ಬರ್ತದ.” ನಮ್ಮ ಹೋಟೆಲಿನಲ್ಲಿ ಊಟ ಮಾಡುವವರಲ್ಲಿ ಅರ್ಧ ಜನ ಈರುಳ್ಳಿ ಲಾರಿಯವರು ಎಂಬುದು ಅವರಿಗೆ ಗೊತ್ತಿತ್ತು.

ಹೀಗೆ ಇಡೀ ಜೀವನ ಯಾರೂ ಕೇಳದಿದ್ದರೂ ಹೇಳಿಕೊಂಡು ಬಂದ ಪಾಠವನ್ನು ಒಂದೇ ಒಂದು ಸಲ ಒಬ್ಬರು ಬೇಕು ಎಂದು ಕೇಳಿದರು. ಕೇಳಿದವಳು ನಾನು. ನನ್ನ ಮಗಳ ಮದುವೆ ನಾಸಿಕದ ಸಾತಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಮರಾಠಿ ಹುಡುಗನ ಜೊತೆ ಗೊತ್ತಾಗಿತ್ತು. ಒಳ್ಳೆಯ ಹುಡುಗ, ಒಳ್ಳೆಯ ಮನೆ. ಬೀಗಿತಿ ಒಂದು ದಿನ ಫೋನಿನಲ್ಲಿ, ಮದುವೆಯ ಹಾಲ್‌ನಲ್ಲೇ ತಾಟಿನ ಶಾಸ್ತ್ರ ಮಾಡೋಣ, ಹೊಸ ಹೆಸರು ಆರಿಸಿಯಾಗಿದೆ ಎಂದು ಸಂಭ್ರಮದಿಂದ ತಿಳಿಸಿದರು. ನನ್ನ ಮಗಳ ಹೆಸರು ಮೂಕಾಂಬಿಕಾ. ನನ್ನ ಅಜ್ಜಿಯ ಹೆಸರು. ಅಜ್ಜಿ ನನ್ನನ್ನು ಸಾಕಿದವಳು. ಆ ಹೆಸರನ್ನು ಅಕ್ಕಿಯ ಮೇಲೆ ಒರೆಸಿಹಾಕುವುದು ನನಗೆ ಬೇಕಿರಲಿಲ್ಲ. ಹೆಣ್ಣಿನ ತಾಯಿ, ನೇರವಾಗಿ ಬೇಡ ಎನ್ನಲು ಧೈರ್ಯವಿಲ್ಲ. ಬಾಯಿಗೆ ಫೋನು ಮಾಡಿದೆ.

“ಬಾಯಿ, ನೀವು ಬಂದು ಅವರೆದುರಿಗೆ ಬೀಜಿಂಗಿನ ಪಾಠ ಹೇಳ್ಬೇಕು.”

“ಪೂರ್ತೀನ?” ಎಂದು ಕೇಳಿದರು.

“ಪೂರ್ತಿ.”

ಬಾಯಿಯ ಯಜಮಾನರು ತೀರಿಹೋಗಿದ್ದರು, ಬಾಯಿಗೆ ಮೊಣಕಾಲು ಹಿಡಿದಿತ್ತು. ಆದರೂ ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು, ಇಸ್ತ್ರಿ ಸೀರೆಯುಟ್ಟು ಹಾಲ್‌ಗೆ ಬಂದಿಳಿದರು. ಮುಹೂರ್ತದುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಜನ ಅದನ್ನು ಮಂತ್ರ ಎಂದುಕೊಂಡರು. ಊಟವಾಗಿ, ಹಿತ್ತಾಳೆಯ ತಾಟಿನಲ್ಲಿ ಅಕ್ಕಿ ಬಂತು. ಬಾಯಿ ಊಟದ ಮೇಜಿನಿಂದ ಉಪ್ಪಿನ ಡಬ್ಬಿ ಎತ್ತಿಕೊಂಡು ಬಂದು ತಾಟಿನ ಎದುರಿಗೆ ನಿಂತರು. ಬೀಗಿತಿ ಗೌರವದಿಂದ ಸರಿದು ಜಾಗ ಬಿಟ್ಟರು. ವಯಸ್ಸಾದವರು ಉಪ್ಪಿನಿಂದ ದೃಷ್ಟಿ ತೆಗೆಯಲು ಬಂದಿದ್ದಾರೆ ಎಂದು ಅವರು ತಿಳಿದಿದ್ದರಂತೆ, ಆಮೇಲೆ ಗೊತ್ತಾಯಿತು.

“ಚೀನಾದಾಗ ಒಂದ ಊರದ,” ಎಂದು ಬಾಯಿ ಮರಾಠಿಯಲ್ಲಿ ಶುರುಮಾಡಿದರು.

ನನ್ನ ಮಗಳು ಅವರ ಸೆರಗು ಹಿಡಿದು ಎಳೆದಳು. ಚಿಕ್ಕಂದಿನಿಂದ ಈ ಪಾಠ ಕೇಳಿದವಳು, ಎಲ್ಲಿಗೆ ಹೋಗುತ್ತದೆ ಎಂದು ಗೊತ್ತು. ತನ್ನ ಅರೆಬರೆ ಕನ್ನಡದಲ್ಲಿ, “ಆಜೀ, ಥಾಂಬಾ, ನಿಲ್ಲಿಸಿ. ನನಗೆ ಬೇಕು ಆ ಹೊಸ ಹೆಸರು. ಶಾಳೆಯಲ್ಲಿ ಎಲ್ರೂ ನನ್ನ ಮೂಕಿ ಮೂಕಿ ಅಂತ ಚಿಡಾಯಿಸ್ತಿದ್ರು. ಮೂಕಿ ಅಂದ್ರೆ ಮಾತು ಬರದವಳು ಅಲ್ವಾ ಆಜೀ. ಆಯೀಗೆ ಹೇಳ್ಲಿಕ್ಕೆ ಆಗ್ಲಿಲ್ಲ, ಅವ್ಳ ಅಜ್ಜಿ ಹೆಸ್ರು ಅಂತ,” ಎಂದಳು.

ನಾನು ಅಲ್ಲೇ ನಿಂತಿದ್ದೆ. ಇಪ್ಪತ್ತೈದು ವರ್ಷ ಕೂಗಿ ಕರೆದ ಹೆಸರು.

ಬಾಯಿ ಡಬ್ಬಿ ಹಿಡಿದುಕೊಂಡೇ, “ಹೊಸಾ ಹೆಸರು ಯಾರ ಆರಿಸಿದ್ರು?” ಎಂದರು.

“ಮೀಚ್. ನಾನೇ. ಅವ್ನು ವಾಟ್ಸಾಪ್‌ನಲ್ಲಿ ಮೂರು ಹೆಸರು ಕಳ್ಸಿದ್ದ. ನಿನ್ಗೆ ಯಾವ್ದು ಆವಡ್ತದೆ, ಇಲ್ಲಾಂದ್ರೆ ಹಳೇದೇ ಇರ್ಲಿ ಅಂತ ಕೇಳ್ದ.”

“ನಿನಗ ಕೇಳಿದ್ನ?”

“ಹೂಂ ಆಜೀ.”

“ಖರೇನ ಕೇಳಿದ್ನ?”

ಮದುಮಗ ಏನು ತಪ್ಪಾಯಿತೋ ಎಂದು ಗಾಬರಿಯಿಂದ ಎದ್ದು ನಿಂತಿದ್ದ. ಬಾಯಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಆಮೇಲೆ ಉಪ್ಪಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ತಾಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಅಕ್ಕಿ ಸಮ ಮಾಡಿ, “ಬರೀಪಾ,” ಎಂದರು. ಅವನು ರೇವಾ ಎಂದು ಬರೆದ. ಮಗಳು ತಡವರಿಸದೆ ಓದಿದಳು. ಸಕ್ಕರೆ ಹಂಚಿದರು. ಬಾಯಿ ಎಲ್ಲರಿಗಿಂತ ಮೊದಲು ಕೈ ಚಾಚಿದರು.

ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಪಾಠಕ್ಕೆಂದು ಕರೆಸಿದರೆ ತಾಟು ಹಿಡಿದು ನಿಂತರಲ್ಲ ಎಂದು. ಮಧ್ಯಾಹ್ನ ಹಾಲ್‌ನ ಮೆಟ್ಟಿಲ ಮೇಲೆ ಇಬ್ಬರೂ ಕೂತಾಗ ಕೇಳಿಯೇಬಿಟ್ಟೆ.

“ಆಕೀಗೆ ಕೇಳಿದ್ರು,” ಎಂದರು ಬಾಯಿ. “ನನಗ ಯಾರೂ ಕೇಳಲಿಲ್ಲ. ಅಷ್ಟ ಫರಕು. ನಾ ಇಷ್ಟ ವರ್ಷ ಬದಲಿ ಮಾಡೂದ ತಪ್ಪು ಅಂತ ತಿಳದಿದ್ದೆ. ಇವತ್ತ ತಿಳೀತು ನೋಡು, ಕೇಳಿದ್ರ ನಾನೂ ಹೂಂ ಅಂತಿದ್ನೋ ಏನೋ. ಹೆಸರೇನು ಛಲೋನ ಇತ್ತು.”

ಸ್ವಲ್ಪ ಹೊತ್ತು ಮೊಣಕಾಲು ನೀವಿಕೊಂಡರು. ಇದು ಸಮಯವೆಂದು ಮತ್ತೆ ಕೇಳಿದೆ, “ಮೊದಲಿನ ಹೆಸರು ಹೇಳಿ ಬಾಯಿ. ನಾನು ಕರೀತೇನೆ.”

“ಬ್ಯಾಡವಾ. ಜಮಖಂಡ್ಯಾಗ ನಮ್ಮಕ್ಕ ಇದ್ದಾಳ. ಆಕಿ ಒಬ್ಬಾಕೀನ ಇನ್ನೂ ಹಂಗ ಕರೀತಾಳ. ಪಂಚಮಿಗೆ ಫೋನ್ ಮಾಡ್ತಾಳ, ಒಮ್ಮೆ ಕರದ್ರ ಸಾಕು, ಓ ಅಂತೀನಿ. ಅದು ಆಕೀ ಕಡೆ ಇರಲಿ. ಎಲ್ಲಾರೂ ಕರದ್ರ ಅದೂ ಮತ್ತೊಂದ ಬೀಜಿಂಗ್ ಆಗ್ತದ.”

ಅದೇ ನಮ್ಮ ಕೊನೆಯ ಭೇಟಿ. ಚಳಿಗಾಲದಲ್ಲಿ ನನ್ನ ತಮ್ಮ ಫೋನು ಮಾಡಿ ಬಾಯಿ ಹೋದರು ಎಂದ. ನಾನು ಮೊದಲ ಬಸ್ಸು ಹಿಡಿದೆ. ಗಲ್ಲಿಯ ತಿರುವಿನಲ್ಲಿ ಹುಡುಗರು ಆಗಲೇ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುತ್ತಿದ್ದರು. ಬಾಯಿಯ ಫೋಟೋ ಚಿಕ್ಕದು, ಕಟ್ಟಿಸಿದವರ ಫೋಟೋಗಳು ದೊಡ್ಡವು. ಮದುವೆಯ ಮನೆಯಲ್ಲಿಟ್ಟ ಹೆಸರು, ಕಂಸದಲ್ಲಿ ‘ಬಾಯಿ’. ಕೆಳಗೆ ಊರಿನ ಹೊಸ ಹೆಸರು. ಅಂಗಳದ ತುಂಬ ಅವರ ಹಳೆಯ ವಿದ್ಯಾರ್ಥಿಗಳು. ಒಬ್ಬರು ಇನ್ನೊಬ್ಬರಿಗೆ ದಕ್ಷಿಣದ ರಾಜಧಾನಿ, ನಡುವಿನ ರಾಜಧಾನಿ ಎಂದು ನೆನಪಿಸಿ ನಗುತ್ತ ಅಳುತ್ತಿದ್ದರು.

ಅಷ್ಟರಲ್ಲಿ ಒಂದು ಬಾಡಿಗೆ ಕಾರು ಬಂದು ನಿಂತಿತು. ಇಳಕಲ್ ಸೀರೆಯ, ಬೆನ್ನು ಬಾಗಿದ ಒಬ್ಬ ಮುದುಕಿ ಇಳಿದರು. ಇಳಿದವರೇ ನಮ್ಮ ಯಾರಿಗೂ ಗೊತ್ತಿಲ್ಲದ ಒಂದು ಹೆಸರು ಹಿಡಿದು, ದನಿಯೆತ್ತಿ ಹಾಡಿಕೊಂಡು ಅಳತೊಡಗಿದರು. ಬಾಗಿಲಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಹಿಂದಿನ ಗಲ್ಲಿಯಲ್ಲೂ ಅಂದು ಒಂದು ಸಾವಾಗಿತ್ತು. ಅವರಲ್ಲೊಬ್ಬಳು ಮುಂದೆ ಬಂದು, ಮುದುಕಿಯ ಭುಜ ಹಿಡಿದು, ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ, “ಆಜೀ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ನಿಮಗೆ ಮನೆ ತಪ್ಪಿದೆ. ಹಿಂದಿನ ಗಲ್ಲಿಗೆ ಹೋಗಿ,” ಎಂದಳು. ಮುದುಕಿಗೆ ಮಾತು ತಿಳಿಯಲಿಲ್ಲ, ಆದರೆ ಕೈ ತೋರಿಸಿದ ದಿಕ್ಕು ತಿಳಿಯಿತು. ಅಳು ನಿಲ್ಲಿಸಿ, ಗಾಬರಿಯಿಂದ ಸುತ್ತ ನೋಡಿ, ಕಾರಿನ ಕಡೆ ತಿರುಗಿದರು.

ನಾನು ಓಡಿಹೋಗಿ ಅವರ ಕೈ ಹಿಡಿದೆ. “ಇದೇ ಮನೇರಿ ಅಕ್ಕಾರ. ಬನ್ನಿ,” ಎಂದೆ.

ಮೆಟ್ಟಿಲು ಹತ್ತಿಸಿ ಒಳಗೆ ಕರೆದೊಯ್ದು ಬಾಯಿಯ ತಲೆಯ ಹತ್ತಿರ ಕೂರಿಸಿದೆ. ಅವರು ತಂಗಿಯ ಹಣೆಯ ಮೇಲೆ ಕೈಯಿಟ್ಟು ಆ ಹೆಸರು ಹಿಡಿದು ಒಮ್ಮೆ ಕರೆದರು. ಈ ಹೆಸರಿಗೆ ಒಮ್ಮೆ ಕರೆದರೆ ಸಾಕು ಎಂದು ಬಾಯಿಯೇ ಹೇಳಿದ್ದರು. ನಾನು ಮೂರ್ಖಳಂತೆ ಅವರ ಮುಖವನ್ನೇ ನೋಡಿದೆ. ಅಕ್ಕ ಎರಡನೆಯ ಸಲ ಕರೆದರು.

ಆ ಹೆಸರು ಈಗ ನನಗೆ ಗೊತ್ತು. ಇಲ್ಲಿ ಬರೆದರೆ ಈ ಚಿತ್ರ ಪೂರ್ತಿಯಾಗುತ್ತದೆ ಎಂಬುದೂ ಗೊತ್ತು. ಆದರೆ ಬರೆಯಲೇ ಎಂದು ಅವರನ್ನು ಕೇಳಬೇಕಿತ್ತು, ಕೇಳುವಂತಿಲ್ಲ. ಅದು ಜಮಖಂಡಿಯಲ್ಲಿ ಅವರ ಅಕ್ಕನ ಹತ್ತಿರವೇ ಇರಲಿ.